ಲಕ್ಕುಂಡಿ ಪಕ್ಕದಲ್ಲೇ ಇದ್ದೀಯಲ್ಲ ತಂಗಿ!

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾನು ಗದಗದಾಗ ಬಿ.ಎ. ಎರಡನೇ ವರ್ಷ ಓದಾಕತ್ತೀನಿ. ಕಲಾ ಇತಿಹಾಸ ಅಂದ್ರ ಭಾಳ ಇಷ್ಟ. ಆದ್ರ ಎಕ್ಸಿಬಿಷನ್, ವರ್ಕ್‌ಶಾಪ್, ಇಂಟರ್ನ್‌ಶಿಪ್ ಎಲ್ಲಾ ಬೆಂಗಳೂರಾಗ ನಡೀತಾವು, ನನ್ನ ಇಂಗ್ಲಿಷೂ ಅಷ್ಟಕ್ಕಷ್ಟ. ಇಲ್ಲಿದ್ದು ನಾ ಏನ್ ಮಾಡ್ಬೇಕ್ರಿ?

ಉತ್ತರ: ತಂಗಿ, ನಾನು ಎಂ.ಎ. ಓದೋವಾಗ ಚಾಲುಕ್ಯರ ದೇವಸ್ಥಾನಗಳನ್ನ ಕತ್ತಲೆ ಕ್ಲಾಸ್‌ರೂಮಲ್ಲಿ ಸ್ಲೈಡ್ ಹಾಕಿ ತೋರಿಸ್ತಿದ್ರು, ಕಲ್ಲನ್ನ ಕಣ್ಣಾರೆ ಕಂಡಿದ್ದು ಪರೀಕ್ಷೆ ಎಲ್ಲಾ ಮುಗಿದ ಮೇಲೆ. ನಿನಗೆ ಲಕ್ಕುಂಡಿ ಬಸ್ಸಲ್ಲಿ ಅರ್ಧ ಗಂಟೆ ದಾರಿ, ಅದಕ್ಕೇ ಮೊದಲು ಅಲ್ಲಿಂದಲೇ ಶುರು ಮಾಡು ಅಂತೀನಿ, ಬೆಂಗಳೂರಿನ ಮಾತು ಆಮೇಲೆ.

ಬೆಳಗ್ಗೆ ಬಿಸಿಲು ಓರೆಯಾಗಿ ಬೀಳೋ ಹೊತ್ತಿಗೆ ಅಲ್ಲಿನ ಕಾಶಿವಿಶ್ವೇಶ್ವರ ದೇವಸ್ಥಾನಕ್ಕೆ ಹೋಗು. ಒಂದು ಬಾಗಿಲವಾಡದ ಮುಂದೆ ಒಂದು ಗಂಟೆ ಕೂತ್ಕೋ, ಫೋನ್ ಬ್ಯಾಗಲ್ಲೇ ಇರಲಿ. ಎಷ್ಟು ಶಾಖೆ (ಬಾಗಿಲ ಚೌಕಟ್ಟಿನ ಉದ್ದುದ್ದ ಕೆತ್ತನೆ ಪಟ್ಟಿ) ಇದೆ, ಯಾವ ಶಾಖೆಯಲ್ಲಿ ಬಳ್ಳಿ, ಯಾವುದರಲ್ಲಿ ಮನುಷ್ಯರ ಆಕೃತಿ, ಕೆಳಗಡೆ ಯಾರು ನಿಂತಿದ್ದಾರೆ, ಎಲ್ಲಾ ಪೆನ್ಸಿಲಲ್ಲಿ ಗೀಚ್ಕೋ, ಚಿತ್ರ ಚೆನ್ನಾಗಿ ಬರ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡ, ಗೀಚೋವಾಗ ಕಣ್ಣಿಗೆ ಬೀಳೋದು ಫೋಟೋ ಹೊಡೆಯೋವಾಗ ಬೀಳಲ್ಲ. ಆಮೇಲೆ ಕಂಬಗಳನ್ನ ನೋಡು, ತಿರುಗಣೆಗೆ ಹಾಕಿ ತಿರುವಿದ ಕಂಬ ಅವು, ಆ ದುಂಡು, ಆ ನುಣುಪು ಬಂದಿದ್ದು ಬಳಪದ ಕಲ್ಲಿಂದ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗೋ ಕಲ್ಲು ಅದು. ಬಾದಾಮಿ, ಪಟ್ಟದಕಲ್ಲಿನದು ಮರಳುಗಲ್ಲು. ಗದಗದಿಂದ ಬಾದಾಮಿಗೆ ಟ್ರೇನ್ ಇದೆ, ಇನ್ನೊಂದು ದಿನ ಹೋಗಿ ಅದನ್ನೂ ಹೀಗೇ ನೋಡು, ಕಲ್ಲು ಬದಲಾದ್ರೆ ಶಿಲ್ಪಿಯ ಉಳಿ ಹೆಂಗೆ ಬದಲಾಗುತ್ತೆ ಅಂತ ಎರಡು ಪುಟ ಬರಿ. ಮುಂದೆ ಯಾವ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದ್ರೂ ನಿನ್ನ ಕೈಲಿರೋ ಆ ಎರಡು ಪುಟ ಹತ್ತು ಸರ್ಟಿಫಿಕೇಟಿಗಿಂತ ಜಾಸ್ತಿ ತೂಗುತ್ತೆ.

ಲಕ್ಕುಂಡಿ ಬ್ರಹ್ಮ ಜಿನಾಲಯ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು ಅಂತ ನಿನಗೆ ಗೊತ್ತೇ ಇರುತ್ತೆ. ಆ ಭಾಗದ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ನ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ ಅಚ್ಚಾಗಿವೆ, ಮುನ್ನುಡಿ ಇಂಗ್ಲಿಷಾದ್ರೂ ಶಾಸನ ನಮ್ಮ ಹಳಗನ್ನಡವೇ. ಇಲ್ಲಿ ನಿನ್ನ ಕನ್ನಡ ಒಂದು ಶಕ್ತಿ, ಇದನ್ನ ಮರೀಬೇಡ, ಹಳಗನ್ನಡ ಓದಕ್ಕೆ ಬರೋ ಕಲಾ ಇತಿಹಾಸದ ವಿದ್ಯಾರ್ಥಿಗಳು ಬೇಕಾಗಿದ್ದಾರೆ.

ಈಗ ಕಾರ್ಯಕ್ರಮಗಳ ವಿಷಯ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ವಸ್ತುಸಂಗ್ರಹಾಲಯ ದಿನ, ನವೆಂಬರ್ 19ರಿಂದ 25 ಪರಂಪರೆ ಸಪ್ತಾಹ, ಈ ದಿನಗಳಲ್ಲಿ ಪುರಾತತ್ವ ಇಲಾಖೆಯವರು, ಮ್ಯೂಸಿಯಂನವರು ಏನಾದ್ರೂ ಇಟ್ಕೊಂಡೇ ಇರ್ತಾರೆ. ಒಂದು ತಿಂಗಳು ಮುಂಚೆ ಹೋಗಿ ‘ನಾನು ಕನ್ನಡದಲ್ಲಿ ವಿವರಿಸ್ತೀನಿ, ಶಾಲೆ ಮಕ್ಕಳನ್ನ ಕರ್ಕೊಂಡು ತಿರುಗ್ತೀನಿ’ ಅಂತ ಕೇಳು. ಧಾರವಾಡಕ್ಕೆ ಹೋದ್ರೆ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ಮ್ಯೂಸಿಯಂ ನೋಡ್ದೆ ಬರಬೇಡ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಲ್ಲಿ ಕನ್ನಡದಲ್ಲೇ ಪ್ರಬಂಧ ಓದ್ತಾರೆ, ಮೊದಲ ವರ್ಷ ಸುಮ್ನೆ ಕೂತು ಕೇಳು, ಹಿರಿಯ ಶಾಸನತಜ್ಞರ ಜೊತೆ ಊಟದ ಸಾಲಲ್ಲಿ ಮಾತಾಡು, ನನಗೆ ನನ್ನ ಸಂಶೋಧನೆಯ ವಿಷಯ ಸಿಕ್ಕಿದ್ದು ಅಂಥದೊಂದು ಊಟದ ಸಾಲಲ್ಲೇ.

ಬೆಂಗಳೂರಿಗೆ ಬರೋದಾದ್ರೆ ಜನವರಿಯಲ್ಲಿ ಚಿತ್ರಸಂತೆ ದಿನ ಬಾ, ಕುಮಾರಕೃಪಾ ರಸ್ತೆ ತುಂಬಾ ಕಲಾವಿದರು ಕೂತಿರ್ತಾರೆ. ಸಂತೆ ಭಾನುವಾರ ಇರುತ್ತೆ, ಹಿಂದಿನ ದಿನವೇ ಬಂದು ಕಸ್ತೂರ್ಬಾ ರಸ್ತೆ ನೋಡು: ಸರ್ಕಾರಿ ಮ್ಯೂಸಿಯಂ, ವೆಂಕಟಪ್ಪ ಆರ್ಟ್ ಗ್ಯಾಲರಿ, 2023ರಲ್ಲಿ ಬಾಗಿಲು ತೆಗೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಎಲ್ಲಾ ಅಲ್ಲೇ, ಆದ್ರೆ ಸೋಮವಾರ ರಜೆ ಇರುತ್ತೆ, ತೆರೆದಿದೆಯಾ ಅಂತ ಕೇಳ್ಕೊಂಡು ಹೊರಡು. ಮ್ಯಾಪ್ ಅಕಾಡೆಮಿಯ ಭಾರತೀಯ ಕಲೆಯ ಕೋರ್ಸ್‌ಗಳು ಆನ್‌ಲೈನಲ್ಲಿ ಫ್ರೀ, ಇಂಗ್ಲಿಷಲ್ಲಿರುತ್ತೆ ನಿಜ, ದಿನಕ್ಕೆ ಇಪ್ಪತ್ತು ನಿಮಿಷ ಕೇಳಿದ್ರೆ ವಿಷಯದ ಜೊತೆ ಭಾಷೆನೂ ಬರುತ್ತೆ. ಡಿಗ್ರಿ ಮುಗಿಯೋದ್ರೊಳಗೆ ಒಂದ್ಸಲ ಕೊಚ್ಚಿ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನ ನೋಡು, 2012ರಿಂದ ನಡೀತಿದೆ, ವಿದ್ಯಾರ್ಥಿಗಳದ್ದೇ ಬೇರೆ ಬಿನಾಲೆನೂ ಇರುತ್ತೆ, ಬಂದವರಿಗೆ ಕಲಾಕೃತಿ ವಿವರಿಸೋ ಕೆಲಸಕ್ಕೆ ಹುಡುಗ ಹುಡುಗಿಯರನ್ನ ತಗೋತಾರೆ.

ಒಂದು ಎಚ್ಚರಿಕೆ. ದುಡ್ಡು ಕಟ್ಟಿಸ್ಕೊಂಡು ಸರ್ಟಿಫಿಕೇಟ್ ಕೊಡೋ ಸೆಮಿನಾರ್ ಬಹಳ ಇವೆ. ನಾನೂ ಒಮ್ಮೆ ಮನೆಯಿಂದ ಬಂದ ಹಣ ಪೂರ್ತಿ ಕಟ್ಟಿ ಹೋಗಿದ್ದೆ, ನನ್ನ ಪ್ರಬಂಧಕ್ಕೆ ಮೂರು ನಿಮಿಷ ಕೊಟ್ರು, ಒಂದು ಪ್ರಶ್ನೆನೂ ಯಾರೂ ಕೇಳ್ಲಿಲ್ಲ, ವಾಪಸ್ ಬರೋ ಬಸ್ಸಲ್ಲಿ ಅತ್ತಿದ್ದೆ. ಮೇಷ್ಟ್ರನ್ನ ಕೇಳದೆ ಫೀ ಕಟ್ಟಬೇಡ.

ಪ್ರಶ್ನೆ: ನನ್ನ ಮಗಳು ಕಲಾ ಇತಿಹಾಸದಲ್ಲೇ ಎಂ.ಎ. ಮಾಡ್ತೀನಿ, ಬರೋಡಾಗೆ ಕಳ್ಸಿ ಅಂತಿದಾಳೆ. ಕೆಲಸ ಸಿಗುತ್ತಾ? — ಒಬ್ಬ ತಂದೆ, ಹಾಸನ

ಉತ್ತರ: ಸರ್, ಬರೋಡಾದ ಲಲಿತಕಲಾ ವಿಭಾಗ 1950ರಿಂದ ಇದೆ, ಕಲಾ ಇತಿಹಾಸಕ್ಕೆ ದೇಶದಲ್ಲೇ ದೊಡ್ಡ ಹೆಸರು, ಸೀಟ್ ಸಿಕ್ರೆ ಧೈರ್ಯವಾಗಿ ಕಳ್ಸಿ. ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಕೂಡ ನೋಡಿ, ಅಲ್ಲಿ ಕಲಾ ಇತಿಹಾಸದ ಜೊತೆ ಮ್ಯೂಸಿಯಂ ಶಾಸ್ತ್ರ, ಕಲಾಕೃತಿ ಸಂರಕ್ಷಣೆನೂ ಕಲಿಸ್ತಾರೆ. ಕೆಲಸ ರಾಶಿ ರಾಶಿ ಇಲ್ಲ, ಸುಳ್ಳು ಹೇಳಲ್ಲ. ಮ್ಯೂಸಿಯಂ, ಗ್ಯಾಲರಿ, ಹರಾಜು ಸಂಸ್ಥೆ, ಪ್ರಕಾಶನ, ದೃಶ್ಯಕಲೆ ವಿಷಯದಲ್ಲಿ ನೆಟ್ ಪಾಸಾದ್ರೆ ಕಾಲೇಜ್ ಮೇಷ್ಟ್ರ ಕೆಲಸ, ಇಷ್ಟು ದಾರಿ. ಹೋಗೋಕೆ ಮುಂಚೆ ಅವಳ ಜೊತೆ ಒಂದು ದಿನ ಬೇಲೂರಿಗೆ ಹೋಗಿ, ಮದನಿಕೆಯರ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಕೆತ್ತಿಕೊಂಡ ಹೆಸರುಗಳನ್ನ ಮಗಳ ಕೈಲೇ ಓದಿಸಿ. ಅವಳು ಯಾಕೆ ಇದನ್ನೇ ಓದ್ಬೇಕು ಅಂತಾಳೆ ಅನ್ನೋದು ನಿಮಗೆ ಅಲ್ಲಿ ಕಾಣುತ್ತೆ.

ಪ್ರಶ್ನೆ: ಪ್ರಾಜೆಕ್ಟ್‌ಗೆ ಶಾಸನದ ಫೋಟೋ ಬೇಕು, ಅಕ್ಷರ ಕಾಣ್ತಿಲ್ಲ, ಸೀಮೆಸುಣ್ಣ ಉಜ್ಜಬಹುದಾ?

ಉತ್ತರ: ದಯವಿಟ್ಟು ಬೇಡ, ಸೀಮೆಸುಣ್ಣನೂ ಬೇಡ, ಎಣ್ಣೆನೂ ಬೇಡ, ಕಲ್ಲು ಹಾಳಾಗುತ್ತೆ. ಸಂಜೆ ಹೊತ್ತು ಹೋಗಿ, ಗೆಳೆಯನ ಕೈಗೆ ಟಾರ್ಚ್ ಕೊಟ್ಟು ಕಲ್ಲಿನ ಪಕ್ಕದಿಂದ, ಹೆಚ್ಚುಕಮ್ಮಿ ಕಲ್ಲಿಗೆ ಒರಗಿಸಿ ಬೆಳಕು ಬಿಡೋಕೆ ಹೇಳಿ. ಅಕ್ಷರದ ತಗ್ಗಲ್ಲಿ ನೆರಳು ಕೂತು ಸಾಲು ಸಾಲಾಗಿ ಎದ್ದು ಕಾಣುತ್ತೆ, ಆಗ ಕ್ಲಿಕ್ ಮಾಡಿ.