ಉತ್ತರ: ನಮ್ಮ ಬೀದಿ ಚರಂಡಿ ವಿಷಯ ನಗರಸಭೆ ಸಭೆಗೆ ಯಾಕೆ ಬರ್ತಿಲ್ಲ?

ಚಿತ್ರದುರ್ಗದ ನಿಮ್ಮ ಬೀದಿ ಚರಂಡಿ ವಿಷಯ "ಮುಂದಿನ ಸಭೆಗೆ ಬರುತ್ತೆ" ಅಂದರೂ ಬಂದಿಲ್ಲ ಅಂದರೆ, ಬಹುಶಃ ಅದು ಅಜೆಂಡಾದಲ್ಲೇ ಸೇರಿಲ್ಲ. ಬಾಯಿಮಾತಲ್ಲಿ ಹೇಳಿದ್ದಕ್ಕೆ ಫೈಲ್ ಆಗುವುದಿಲ್ಲ.

ಮೊದಲು ಪೌರಾಯುಕ್ತರ ಹೆಸರಿಗೆ ಒಂದು ಪುಟದ ಅರ್ಜಿ ಬರೆಯಿರಿ. ವಾರ್ಡ್ ನಂಬರ್, ಯಾರ ಮನೆಯಿಂದ ಎಲ್ಲಿವರೆಗೆ ಚರಂಡಿ ಕಟ್ಟಿಕೊಂಡಿದೆ ಅನ್ನೋದು ಇರಲಿ. "ಮುಂದಿನ ಸಾಮಾನ್ಯ ಸಭೆಯ ಅಜೆಂಡಾಕ್ಕೆ ಸೇರಿಸಬೇಕು" ಅನ್ನೋ ಸಾಲು ಬಿಡಲೇಬೇಡಿ. ಅಕ್ಕಪಕ್ಕದವರ ಸಹಿ ಇದ್ದರೆ ತೂಕ ಜಾಸ್ತಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸ್ವೀಕೃತಿ ನಂಬರ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಸುಮ್ನೆ "ಇಟ್ಟು ಹೋಗಿ" ಅಂದರೆ ಒಪ್ಪಬೇಡಿ, ಮುಂದೆ ನಿಮ್ಮ ಕೈಲಿರುವ ಆಧಾರ ಅದೊಂದೇ.

ಆ ಪ್ರತಿಯ ಜೆರಾಕ್ಸ್ ವಾರ್ಡ್ ಸದಸ್ಯರಿಗೆ ಕೊಡಿ. ಸಭೆಯಲ್ಲಿ ಮಾತಾಡಬೇಕಾದವರು ಅವರೇ ಅಲ್ವಾ. ಸದಸ್ಯರ ಅವಧಿ ಮುಗಿದಿದ್ದರೆ ಆಡಳಿತಾಧಿಕಾರಿಗೆ ಕೊಡಿ.

ಸಭೆಯ ನೋಟಿಸ್ ಬಂದ ಕೂಡಲೇ ಅಜೆಂಡಾದಲ್ಲಿ ನಿಮ್ಮ ಬೀದಿ ಹೆಸರಿದೆಯಾ ಕೇಳಿ. ಇಲ್ಲದಿದ್ದರೆ ಸ್ವೀಕೃತಿ ನಂಬರ್ ತೋರಿಸಿ, ಫೈಲ್ ಯಾರ ಮೇಜಿನ ಮೇಲಿದೆ ಅಂತ ವಿಚಾರಿಸಿ. ಅಂದಾಜುಪಟ್ಟಿಗಾಗಿ ಇಂಜಿನಿಯರ್ ಹತ್ತಿರ ನಿಂತಿರಲೂಬಹುದು.

ಸಭೆ ಮುಗಿದ ಮೇಲೂ ಸುದ್ದಿ ಇಲ್ಲವಾ? ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಸಭೆಯ ನಡಾವಳಿ ಪ್ರತಿ ಕೇಳಿ. ಒಂದೇ ವಿಷಯ, 150 ಪದದೊಳಗೆ ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕು.