ಸ್ವಂತ ಹೊಲದಲ್ಲಿ ಹಿಟ್ಟಿನ ಗಿರಣಿ ಹಾಕೋಕೂ ಪಂಚಾಯಿತಿ ಪರ್ಮಿಷನ್ ಬೇಕಾ? ಭೂಪರಿವರ್ತನೆ ಮಾಡಿಸಿದ್ರೆ ಸಾಲದಾ?

ಸಾಲಲ್ಲ. ಜಮೀನಿಗೆ ಒಂದು, ಕಟ್ಟಡಕ್ಕೆ ಒಂದು, ಮಿಷನ್ನಿಗೆ ಇನ್ನೊಂದು ಅಂತ ಬೇರೆ ಬೇರೆ ಅನುಮತಿ, ಎಲ್ಲಾ ಒಂದೇ ಆಫೀಸಲ್ಲೂ ಸಿಗಲ್ಲ. ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಮೆಂಬರ್ ಆಗಿದ್ದೆ, ಇಂಥ ಅರ್ಜಿ ಸಭೆಗೆ ಬಂದಾಗ ಯಾವ್ದು ಪಾಸಾಗುತ್ತೆ ಯಾವ್ದು ಮುಂದಿನ ಸಭೆಗೆ ಹೋಗುತ್ತೆ ಅಂತ ಹತ್ತಿರದಿಂದ ನೋಡಿದೀನಿ, ಆ ಲೆಕ್ಕದಲ್ಲಿ ಹೇಳ್ತೀನಿ.

ಮೊದ್ಲು ಜಮೀನು. ಪಹಣಿ ನಿಮ್ಮ ಹೆಸರಲ್ಲೇ ಇದ್ರೂ ಅದು ಕೃಷಿ ಜಮೀನು. ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ ಮಾಡ್ಕೋಬಹುದು, ಆದ್ರೆ ಊರೋರ ರಾಗಿ ಬೀಸಿಕೊಟ್ಟು ದುಡ್ಡು ತಗೊಳ್ಳೋ ಗಿರಣಿ ಆ ಲೆಕ್ಕಕ್ಕೆ ಬರಲ್ಲ. ಅದಕ್ಕೇ 1964ರ ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ ಬರೋದು, ಡಿಸಿ ಕಡೆಯಿಂದ ಪರಿವರ್ತನೆ ಆದೇಶ ಆಗ್ಬೇಕು ಅಂತ. ಈ ಸೆಕ್ಷನ್ನಿಗೆ ಆಗಾಗ ತಿದ್ದುಪಡಿ ಬರ್ತಾನೇ ಇರುತ್ತೆ, ಹಾಗಾಗಿ ಅರ್ಜಿ ಹಾಕೋ ದಿನ ಸಣ್ಣ ಉದ್ದಿಮೆಗೆ ಏನಾದ್ರೂ ವಿನಾಯಿತಿ ಇದ್ಯಾ ಅಂತ ತಾಲ್ಲೂಕು ಆಫೀಸಲ್ಲಿ, ಇಲ್ಲಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಬಿಡಿ. ನಿಮಗೆ ಬೇಕಿರೋದು ಕೆಲವೇ ಗುಂಟೆ ಆದ್ರೆ ಇಡೀ ಸರ್ವೆ ನಂಬರ್ ಕನ್ವರ್ಟ್ ಮಾಡಿಸೋ ಅಗತ್ಯ ಇಲ್ಲ, 11ಇ ನಕ್ಷೆ (ಸರ್ವೆ ನಂಬರಲ್ಲಿ ನಿಮಗೆ ಬೇಕಾದ ಭಾಗನ ಅಳೆದು ತೋರಿಸೋ ಸರ್ವೆ ನಕ್ಷೆ) ಮಾಡಿಸಿ ಅಷ್ಟಕ್ಕೇ ಅರ್ಜಿ ಹಾಕಿ. ಉದ್ದೇಶ ಅನ್ನೋ ಕಾಲಂನಲ್ಲಿ ನಿಜಾನೇ ಬರೀರಿ. ವಾಸಕ್ಕೆ ಅಂತ ಹಾಕಿದ್ರೆ ಬೇಗ ಆಗುತ್ತೆ ಅಂತ ಏಜೆಂಟ್ ಹೇಳ್ತಾನೆ, ಆಮೇಲೆ ಅಲ್ಲಿ ಗಿರಣಿ ಓಡಿಸಿದ್ರೆ ದಂಡ ಬೀಳೋದು ನಿಮಗೆ, ಏಜೆಂಟ್‌ಗಲ್ಲ. ಊರು ಯಾವ್ದಾದ್ರೂ ಯೋಜನಾ ಪ್ರಾಧಿಕಾರದ ವ್ಯಾಪ್ತಿಲಿದ್ರೆ ಮಾಸ್ಟರ್ ಪ್ಲಾನಲ್ಲಿ ಆ ಜಾಗ ಯಾವ ವಲಯ ಅಂತಾನೂ ನೋಡ್ಕೊಳ್ಳಿ.

ಪರಿವರ್ತನೆ ಆದ್ಮೇಲೆ ಇ-ಸ್ವತ್ತು ಅನ್ನೋ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ವ್ಯವಸ್ಥೇಲಿ ಖಾತೆ ಆಗ್ಬೇಕು, ನಮೂನೆ 9, ನಮೂನೆ 11 ಅನ್ನೋ ಆಸ್ತಿ ದಾಖಲೆ ತಗೋಬೇಕು. ಅಲ್ಲಿಂದ ಪಂಚಾಯಿತಿ ಕೆಲಸ ಶುರು. 1993ರ ಪಂಚಾಯತ್ ರಾಜ್ ಕಾಯ್ದೆಲಿ ಕಟ್ಟಡಕ್ಕೆ 64ನೇ ಸೆಕ್ಷನ್, ವಿದ್ಯುತ್ತಲ್ಲಿ ಓಡೋ ಯಂತ್ರ ಕೂರಿಸೋಕೆ 66. ಜನ 64ಕ್ಕೆ ಮಾತ್ರ ಅರ್ಜಿ ಕೊಟ್ಟು ಶೆಡ್ ಕಟ್ತಾರೆ, 66 ಇದೆ ಅನ್ನೋದೇ ಗೊತ್ತಿರಲ್ಲ, ಪಕ್ಕದ ಮನೆಯೋರು ಸದ್ದು, ಧೂಳು ಅಂತ ದೂರು ಕೊಟ್ಟ ದಿನ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಂದು ಕಾಗದ ಕೇಳಿದಾಗಲೇ ಗೊತ್ತಾಗೋದು.

ಸಭೇಲಿ ನಿಜಕ್ಕೂ ಏನು ಚರ್ಚೆ ಆಗುತ್ತೆ ಅಂದ್ರೆ, ಕಾಯ್ದೆ ಬಗ್ಗೆ ಯಾರೂ ಮಾತಾಡಲ್ಲ. ಮೋಟರ್ ಎಷ್ಟು ಹೆಚ್‌ಪಿ, ಹತ್ತಿರದ ಮನೆ ಎಷ್ಟು ದೂರ, ಅಂಗನವಾಡಿ ಪಕ್ಕಾನಾ, ರಾತ್ರಿ ಓಡಿಸ್ತಾನಾ, ಗಾಡಿಗಳು ಎಲ್ಲಿ ನಿಲ್ತವೆ, ಇಷ್ಟೇ. ಅರ್ಜಿಲಿ ಇದ್ಯಾವ್ದೂ ಇಲ್ಲ ಅಂದ್ರೆ ಸ್ಥಳ ಪರಿಶೀಲನೆ ಮಾಡಿ ಅಂತ ಬರೆದು ಮುಂದಕ್ಕೆ ಹಾಕ್ತಾರೆ, ಅದ್ರಲ್ಲಿ ತಪ್ಪೂ ಇಲ್ಲ ಅನ್ಸುತ್ತೆ ನನಗೆ, ಒಂದು ಸಲ ಕೂರಿಸಿದ ಗಿರಣಿನ ಎಬ್ಬಿಸೋದು ಸುಲಭ ಅಲ್ಲ. ಅದಕ್ಕೆ ಮಿಷನ್ ಕೊಟೇಶನ್, ಕೈಯಲ್ಲಿ ಬರೆದಿದ್ರೂ ಪರ್ವಾಗಿಲ್ಲ ಒಂದು ಅಳತೆ ನಕ್ಷೆ, ಓಡಿಸೋ ಟೈಮ್, ಧೂಳಿಗೆ ಏನು ಮಾಡ್ತೀರಿ ಅನ್ನೋದು, ಎಲ್ಲಾ ಮೊದಲೇ ಸೇರಿಸಿ ಕೊಡಿ. ಅಕ್ಕಪಕ್ಕದೋರ ಒಪ್ಪಿಗೆ ಪತ್ರ ಕಡ್ಡಾಯ ಅಂತ ಅಲ್ಲ, ಆದ್ರೆ ಅದು ಫೈಲಲ್ಲಿದ್ರೆ ವಿರೋಧ ಮಾಡೋಕೆ ಯಾವ ಮೆಂಬರ್ರೂ ಮುಂದೆ ಬರಲ್ಲ. ನಾನಂತೂ ಅದನ್ನೇ ಮೊದ್ಲು ನೋಡ್ತಿದ್ದೆ.

ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಇಸ್ಕೊಳ್ಳಿ, ‘ಸಕಾಲ’ ಅನ್ನೋ ಸರ್ಕಾರಿ ಯೋಜನೆಲಿ (ಗೊತ್ತಾದ ದಿನದೊಳಗೆ ಕೆಲಸ ಮಾಡಿಕೊಡ್ಬೇಕು ಅನ್ನೋದು) ಬರೋ ಸೇವೆ ಆದ್ರೆ ಅದ್ರ ನಂಬರ್ ಕೂಡ. ‘ಆಗಲ್ಲ’ ಅಂತ ಬರೀ ಬಾಯಿಮಾತಲ್ಲಿ ಹೇಳಿದ್ರೆ ಬರೆದು ಕೊಡಿ ಅನ್ನಿ, ಬರೆದು ಕೊಟ್ರೆ ತಾಲ್ಲೂಕು ಪಂಚಾಯಿತಿ ಇಓ (ಕಾರ್ಯನಿರ್ವಾಹಕ ಅಧಿಕಾರಿ) ಹತ್ರ ಮೇಲ್ಮನವಿ ಹೋಗ್ಬಹುದು.

ಕರೆಂಟ್ ವಿಷ್ಯ ಒಂದು ಬಾಕಿ. ಹೊಲದ ಪಂಪ್‌ಸೆಟ್ ಲೈನಿಂದ ಗಿರಣಿ ಓಡಿಸೋ ಹಾಗಿಲ್ಲ, ಅದು ನೀರಾವರಿಗೆ ಕೊಟ್ಟಿರೋ ಕನೆಕ್ಷನ್, ಬೇರೆ ಮೀಟರ್ ಬೇಕು, ಅದಕ್ಕೆ ಕರೆಂಟ್ ಕಂಪನಿಯೋರು ಪಂಚಾಯಿತಿ ಲೈಸೆನ್ಸ್, ಅಂದ್ರೆ ಆ 66ರ ಅನುಮತಿ, ಅದ್ರ ಕಾಪಿ ಕೇಳ್ತಾರೆ. ಆ ಲೈಸೆನ್ಸ್ ಕೈಗೆ ಬರೋ ತನಕ ಮಿಷನ್‌ಗೆ ಅಡ್ವಾನ್ಸ್ ಮಾತ್ರ ಕೊಡಬೇಡಿ.