ಆಪರೇಷನ್ ಆಯ್ತು, ಮುಂಬೈ ಓಡಾಟ ಮುಗಿದಿಲ್ಲ

"ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿ ನಿಮ್ಮ ಕಾಕಾ ಗುಣವಾದ್ರಲ್ಲ, ಇನ್ನೂ ಯಾಕೆ ಮುಂಬೈಗೆ ಕರೆಸ್ತೀಯಾ? ಕಲಬುರಗಿ ಹತ್ತಿರ ಅಲ್ವಾ, ಅದೂ ಕನ್ನಡದ ಊರು" ಅಂತ ಕೇಳಿದೆಯಲ್ಲ. ಮೈಸೂರಲ್ಲಿ ಕೂತವರಿಗೆ ಹಾಗನಿಸುವುದು ಸಹಜ.

ನಮ್ಮದು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕು. ಮನೆಮಾತು ಕನ್ನಡ, ಕಲಿತದ್ದು ಕನ್ನಡ ಶಾಲೆ, ರೇಷನ್ ಕಾರ್ಡು ಮಹಾರಾಷ್ಟ್ರದ್ದು. ಈ ತಾಲೂಕು ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲೇ ಗಡಿ ವಿವಾದ ನೋಡಿದ ಮಹಾಜನ್ ಆಯೋಗ ಹೇಳಿತ್ತು. ಸೇರಲಿಲ್ಲ. ದೊಡ್ಡ ರೋಗ ಬಂದರೆ ನಮ್ಮವರು ಸೋಲಾಪುರದಲ್ಲಿ ಮುಂಬೈಗೆ ಹೋಗುವ ರಾತ್ರಿ ರೈಲು ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತುತ್ತಾರೆ. ನಮ್ಮ ಓಣಿಯ ಎಷ್ಟೋ ಮಕ್ಕಳು ದುಡಿಯುವುದು ಇಲ್ಲಿ ಮುಂಬೈಯಲ್ಲೇ. ಮುಂಬೈ ನಮಗೆ ಪರಊರಲ್ಲ.

ಕರುಳಿನ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೂ ಕೆಲವರಿಗೆ ಮರಳುತ್ತದೆ. ಮರಳಿದರೆ ಹೆಚ್ಚಾಗಿ ಮೊದಲ 2-3 ವರ್ಷದಲ್ಲಿ, ಲಿವರ್‌ನಲ್ಲೋ ಶ್ವಾಸಕೋಶದಲ್ಲೋ. ಬೇಗ ಸಿಕ್ಕರೆ ಅದನ್ನೂ ತೆಗೆದುಹಾಕುವ ದಾರಿ ಇರಬಹುದು. ಅದಕ್ಕೇ 5 ವರ್ಷದವರೆಗೆ ಪರೀಕ್ಷೆ. ಸಿಟಿ ಸ್ಕ್ಯಾನ್ ಸರಿ, ಹೋಗಿ ಮಲಗಿದರೆ ಮುಗೀತು. ಆಪರೇಷನ್ ಆಗಿ ವರ್ಷ ತುಂಬಿದಾಗಿನ ಕೊಲೊನೋಸ್ಕೋಪಿ, ಅಂದರೆ ಕೊಳವೆ ಹಾಕಿ ಕರುಳಿನ ಒಳಗೆ ನೋಡುವ ಪರೀಕ್ಷೆ, ಹಾಗಲ್ಲ. ಮುಂಚಿನ ದಿನಗಳಲ್ಲಿ ಜೋಳದ ರೊಟ್ಟಿ, ಸೊಪ್ಪು, ಶೇಂಗಾ ಚಟ್ನಿ ಬಂದ್, ಬರೀ ಬಿಳಿ ಅನ್ನ. ಹಿಂದಿನ ಸಂಜೆ ಹೊಟ್ಟೆ ತೊಳೆಯುವ ಔಷಧಿ ಕುಡಿದು ರಾತ್ರಿಯೆಲ್ಲ ಸಂಡಾಸಿಗೆ ಓಡಾಟ. ಹಾಗಿರುವಾಗ ರಾತ್ರಿ ರೈಲು ಹತ್ತಲಾಗುತ್ತದಾ? ಮೊದಲೇ ಬಂದು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಉಳಿಯಬೇಕು.

ನಮ್ಮನ್ನು ನಿಜಕ್ಕೂ ಹೈರಾಣ ಮಾಡುವುದು ಸಿಇಎ ಅನ್ನೋ ರಕ್ತಪರೀಕ್ಷೆ. ಈ ಕ್ಯಾನ್ಸರ್ ಮರಳಿದರೆ ರಕ್ತದಲ್ಲಿ ಏರಬಹುದಾದ ಒಂದು ಪ್ರೋಟೀನ್ ಎಷ್ಟಿದೆ ಅಂತ ಅದು ಅಳೆಯುತ್ತದೆ. ಮೊದಲ 2 ವರ್ಷ 3ರಿಂದ 6 ತಿಂಗಳಿಗೊಮ್ಮೆ ಮಾಡಿಸಬೇಕು. ಖರ್ಚು ಉಳಿಯಲಿ ಅಂತ ಕಾಕಾ ಒಮ್ಮೆ ಊರ ಕಡೆಯ ಲ್ಯಾಬಿನಲ್ಲಿ ರಕ್ತ ಕೊಟ್ಟರು. ರಾತ್ರಿ ಫೋನು: "ತಮ್ಮಾ, ಹೋದ ಸಲಕ್ಕಿಂತ ಜಾಸ್ತಿ ಬಂದದ. ಮತ್ತ ಬಂತೇನು?" ಕಾಕಾನ ಹೆಂಡತಿ, ನಮ್ಮ ಕಾಕುಗೆ, ಊಟ ಸೇರಲಿಲ್ಲ. ಲ್ಯಾಬು, ಯಂತ್ರ ಬದಲಾದರೆ ಅಂಕಿಯೂ ಬದಲಾಗಬಹುದು ಅಂತ ಆ ಲ್ಯಾಬಿನವರು ಒಂದು ಮಾತು ಹೇಳಬಾರದಿತ್ತಾ? ಬೀಡಿ ಸೇದುವವರಲ್ಲೂ ಅದು ಸ್ವಲ್ಪ ಮೇಲೇ ಇರುತ್ತದೆ. ಒಂದೇ ಅಂಕಿ ನೋಡಿ ರೋಗ ಮರಳಿತು ಅನ್ನಲಾಗದು. ಒಂದೇ ಕಡೆ ಮತ್ತೆ ಮತ್ತೆ ಮಾಡಿಸಿ, ಏರುತ್ತಿದೆಯಾ ಅಂತ ನೋಡಬೇಕು.

ಕಲಬುರಗಿ ಬೇಡ ಅಂತಲ್ಲ ಮಾರಾಯ. ಕಾಕಾನ ಮೊದಲ ರಿಪೋರ್ಟಿನಿಂದ ಎಲ್ಲ ಕಾಗದ ಇರುವುದು ಇಲ್ಲಿ. ಹೋಲಿಸಿ ನೋಡುವ ಡಾಕ್ಟರೂ ಇಲ್ಲೇ ಇದ್ದಾರೆ. ಅದಕ್ಕೇ ಕರೆಸುತ್ತೇನೆ.